ಶಿಫ್ಟಿನ ಸಾರು

ತಕ್ಕಡಿ ತಪಾಸಣೆಗೆ ಬಂದವ ನಾನು, ಗದಗಿನ ಕಡೆಯವ.
ರಾಬರ್ಟ್‌ಸನ್‌ಪೇಟೆಯಲ್ಲಿ ಐದು ದಿನದ ಡೆಪ್ಯುಟೇಶನ್.
ಚೀಲದಲ್ಲಿ ಹಿತ್ತಾಳೆಯ ತೂಕದ ಬಟ್ಟು, ಸೀಸದ ಮುದ್ರೆ,
ಹೆಂಡತಿ ಕಟ್ಟಿಕೊಟ್ಟ ಹದಿನೆಂಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ:
"ಅಲ್ಲೇನ್ ಸಿಗತದೋ ಏನೋ."

ಮೊದಲ ಮಧ್ಯಾಹ್ನ ಮುನಿರತ್ನಮ್ಮನ ಮೆಸ್ಸಿನಲ್ಲಿ
ಎಲೆ ಮೇಲೆ ಕೂತಿತ್ತು ಮುದ್ದೆ,
ಬೆವರುತ್ತ, ಯಾರದೋ ದಾರಿ ಕಾಯುವಂತೆ.
ನಾನು ಅಗಿದೆ.
ಇಡೀ ಬೆಂಚು ತಿರುಗಿ ನೋಡಿತು.
"ಅಗೀಬೇಡಿ ಸಾರ್, ನುಂಗಿ.
ರಾಗಿ ವಿಷಯ ಹಲ್ಲಿಗೇನು ಗೊತ್ತು?"
ಹೊಲದಂಚಿನ ಅಣ್ಣೆಸೊಪ್ಪಿನ ಬಸ್ಸಾರು,
ಪಕ್ಕದಲ್ಲಿ ಒಂದು ಬೆರಳು ಊರಿಬಿಂಡಿ.
ನಾಲಗೆಗಿಟ್ಟರೆ ಅದು ನನ್ನ ಶೇಂಗಾ ಹಿಂಡಿಯ ತಂಗಿ,
ತೆಲುಗರ ಮನೆಗೆ ಕೊಟ್ಟು
ಹುಣಸೆಹುಳಿ ಕಲಿತು ಕೊಂಚ ಮೆತ್ತಗಾದವಳು.
ರೊಟ್ಟಿಯ ಗಂಟು ಅಂದು ಬಿಚ್ಚಲಿಲ್ಲ.

ಬೆಳಗಿನ ನಾಲ್ಕೂವರೆ.
ಪ್ಯಾರೇಜಾನ್ ಪಾಯಾ ಹಂಡೆಯ ಮುಚ್ಚಳ ತೆಗೆದರೆ
ಸೈನೈಡ್ ದಿಬ್ಬ ಆವಿಯ ಹಿಂದೆ ಮರೆಯಾಗುತ್ತದೆ.
"ಗಣಿ ಮುಚ್ಚಿ ಎಷ್ಟು ದಿನ ಆಯ್ತು ಸಾಬ್,
ರಾತ್ರಿಪಾಳಿಯವರು ಮೇಲೆ ಬರೋ ಹೊತ್ತಿಗೆ
ಇವತ್ತಿಗೂ ಎಚ್ಚರ ಆಗ್ತದೆ ನಂಗೆ."
ಈಗ ಬರುವವರು ಮಾರಿಕುಪ್ಪಂ ರೈಲಿನವರು,
ನಿಂತೇ ಹೀರಿ, ತುಟಿ ಒರೆಸಿ, ಓಡುವವರು.

ಡೋರೀನ್ ಆಂಟಿಯ ಮನೆ ತೋರಿಸಿದ್ದು ಲಾಡ್ಜಿನ ಅನ್ಬರಸು.
ತಗಡಿನ ಮಾಡು, ಲೇಸಿನ ಪರದೆ, ಪಿಂಗಾಣಿ ತಟ್ಟೆ.
ಹಳದಿ ಕೊಬ್ಬರಿ ಅನ್ನ, ಖೈಮಾ ಉಂಡೆಯ ಬಾಲ್ ಕರಿ,
ಅದರೊಳಗೊಂದು ಹುಳಿ, ನಾನು ಬಲ್ಲ ಯಾವ ಹುಳಿಯೂ ಅಲ್ಲ.
"ಇದು ಯಾರ ಅಡುಗೆ?" ಕೇಳಿದೆ,
ಹಾಳೆಯ ಮೇಲೆ ಕಾಲಂ ಎಳೆಯುವ ಅಭ್ಯಾಸದವ.

"ಉಂಡೆ ನಮ್ಮಜ್ಜಂದು, ಅವನು ಹಡಗಲ್ಲಿ ಬಂದೋನು.
ಮಸಾಲೆ ಅರೆದಿದ್ದು ಅಮುದವಲ್ಲಿಯ ಅಮ್ಮ.
ನಿನ್ನ ನಾಲಗೆ ಹುಡುಕ್ತಿದೆಯಲ್ಲ, ಅದು ಹುರುಳಿ ಕಟ್ಟು,
ಯಾರೋ ಮಾಲೂರು ಗೌಡರ ಡಬ್ಬಿಯಿಂದ.
ನೆಲದೊಳಗೆ ಕತ್ತಲು ಮಗಾ.
ಯಾರ ಡಬ್ಬಿ ಯಾವುದು ಅಂತ ಯಾರು ನೋಡ್ತಾರೆ?
ಕೈ ಹೋದದ್ದೇ ಊಟ.
ನಮ್ಮ ಡ್ಯಾಡಿ ಮೇಲೆ ಬಂದು ಅಮ್ಮನಿಗೆ ಹೇಳೋರು:
ಇವತ್ತು ಅಲ್ಲಿ ತಿಂದೆನಲ್ಲ, ಅದನ್ನ ಮಾಡು.
ಏನದು?
ಗೊತ್ತಿಲ್ಲ. ಮಾಡು."
ಆಂಟಿ ಇನ್ನೊಂದು ಸೌಟು ಸುರಿದಳು.
"ನಮ್ಮನೇಲಿ ಇದಕ್ಕೆ ಶಿಫ್ಟಿನ ಸಾರು ಅಂತಲೇ ಹೆಸರು."
ಕಾಲಂ ಖಾಲಿ ಉಳಿಯಿತು.

ನಾಲ್ಕನೆಯ ದಿನ, ಮಾರುಕಟ್ಟೆ.
ಅಮುದವಲ್ಲಿಯ ಹುಣಸೆಹಣ್ಣಿನ ಅಂಗಡಿ.
ತಕ್ಕಡಿಯಲ್ಲಿ ಬಟ್ಟಿಲ್ಲ, ಕಲ್ಲಿದೆ.
ಅರ್ಧ ಕಿಲೋ ಅಂತ ಅವಳ ಗಂಡ
ಸುರಂಗದಿಂದ ಎಂದೋ ತಂದಿಟ್ಟ ಕಪ್ಪು ಕಲ್ಲು,
ಒಂದು ಮಗ್ಗುಲಲ್ಲಿ ಮಾತ್ರ ಮಿನುಗುವಂಥದು.
ನನ್ನ ಹಿತ್ತಾಳೆಯ ಎದುರಿಟ್ಟು ತೂಗಿದೆ:
ಇಪ್ಪತ್ತೆರಡು ಗ್ರಾಂ ಹೆಚ್ಚು.

ಅಂದರೆ ಇಷ್ಟು ವರ್ಷ ಈ ಊರಿನ ಸಾರಿಗೆಲ್ಲ
ಇಪ್ಪತ್ತೆರಡು ಗ್ರಾಂ ಹುಳಿ ಪುಕ್ಕಟೆ.
ಮುನಿರತ್ನಮ್ಮನ ಬಿಂಡಿಗೂ, ಆಂಟಿಯ ಮನೆಗೂ.
ಹೆಚ್ಚಿದ್ದರೂ ತಪ್ಪೇ.
ರಸೀತಿ ಹರಿದೆ, ಕಲ್ಲು ಜಪ್ತಿ ಮಾಡಿದೆ.
ಅವಳು ಓದದೆ ಮಡಚಿ ಸೆರಗಿಗೆ ಕಟ್ಟಿಕೊಂಡು
"ಸಾಪ್ಟೀಂಗಳಾ?" ಅಂದಳು.
ನನಗೆ ತಿಳಿದ ಮೊದಲ ತಮಿಳು.
ಉಂಡಿರಾ.

ಹೊರಡುವ ದಿನ ಗಂಟು ಬಿಚ್ಚಿ
ಮೆಸ್ಸಿನ ಬೆಂಚಿಗೆ ಹಂಚಿದೆ ಹದಿನೆಂಟೂ ರೊಟ್ಟಿ.
ಒಬ್ಬ ಮುರಿದು, ಸಾರಲ್ಲದ್ದಿ, ಗುಳುಂ ಮಾಡಲು ಹೋಗಿ
ಕಣ್ಣಲ್ಲಿ ನೀರು ತಂದುಕೊಂಡ.
"ನುಂಗಬ್ಯಾಡ್ರೀ," ಅಂದೆ, "ಅಗೀರಿ."
ಎಲ್ಲರಿಗಿಂತ ಜೋರು ನಕ್ಕಿದ್ದು ಮುನಿರತ್ನಮ್ಮ.

ಬಂಗಾರಪೇಟೆಯಲ್ಲಿ ರೈಲು ಬದಲಿಸುವಾಗ
ಹೆಗಲ ಚೀಲ ಎಳೆಯುತ್ತಿತ್ತು.
ಕಲ್ಲು ತೆಗೆದೆ, ಬೆಳಕಿಗೆ ಹಿಡಿದೆ,
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಮೂಸಿದೆ.

ಹುಣಸೆ.